ನಿಮಗಿದು ಗೊತ್ತೆ? ಕ್ಷಯರೋಗಿ ಮನೆಯಲ್ಲೇ ಗುಣವಾಗಬಲ್ಲನೆಂದು ತೋರಿಸಿದ್ದು ಮದರಾಸು
ಮದರಾಸಿನ ಪೆರಂಬೂರಿನಂಥ ಗಿರಣಿ ಕಾರ್ಮಿಕರ ಬಡಾವಣೆಯಲ್ಲಿ, ಒಂದೇ ಕೋಣೆಯಲ್ಲಿ ಇಡೀ ಸಂಸಾರ ಮಲಗುವ ಮನೆಯಲ್ಲಿ, ಕ್ಷಯರೋಗಿಯನ್ನು ಇಟ್ಟುಕೊಳ್ಳುವುದು ಅಪಾಯವೆಂದು ಯಾರಿಗಾದರೂ ಅನಿಸುತ್ತದೆ. ರೋಗ ಹರಡುವುದೇ ಕೆಮ್ಮಿದಾಗ ಗಾಳಿಗೆ ಸೇರುವ ಸೂಕ್ಷ್ಮ ಹನಿಗಳಿಂದ. ಆದರೆ 1956ರಲ್ಲಿ ಮದರಾಸಿನ ಚೇತ್‌ಪಟ್‌ನಲ್ಲಿ ಶುರುವಾದ ಕ್ಷಯ ಚಿಕಿತ್ಸಾ ಕೇಂದ್ರ ಈ ಅನಿಸಿಕೆಯನ್ನೇ ಪರೀಕ್ಷೆಗೆ ಒಡ್ಡಿತು. ನಗರದ 193 ಬಡ ರೋಗಿಗಳಲ್ಲಿ ಕೆಲವರನ್ನು ಆರೋಗ್ಯಧಾಮಕ್ಕೆ ಸೇರಿಸಿ, ಉಳಿದವರನ್ನು ಮನೆಯಲ್ಲೇ ಬಿಟ್ಟು, ಎಲ್ಲರಿಗೂ ಒಂದು ವರ್ಷ ಐಸೋನಿಯಾಜಿಡ್ ಮತ್ತು ಪಿಎಎಸ್ ಎಂಬ ಔಷಧಿಗಳನ್ನು ಕೊಟ್ಟರು. ಆರೋಗ್ಯಧಾಮದವರಿಗೆ ಒಳ್ಳೆಯ ಊಟ, ವಿಶ್ರಾಂತಿ ಎರಡೂ ಇದ್ದವು. ಮನೆಯವರಿಗೆ ಎರಡೂ ಕಡಿಮೆ. ಆದರೂ 1959ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಗುಂಪುಗಳು ಹೆಚ್ಚುಕಡಿಮೆ ಸಮನಾಗಿ ಚೇತರಿಸಿಕೊಂಡಿದ್ದವು. ಗುಣಪಡಿಸಿದ್ದು ಔಷಧಿ, ಜಾಗವಲ್ಲ.

ಹಾಗಾದರೆ ಮನೆಮಂದಿಯ ಗತಿ? ಅವರಿಗೂ ಹೆಚ್ಚುವರಿ ಸೋಂಕು ತಗಲಲಿಲ್ಲ. ಅಪಾಯದ ಬಹುಪಾಲು ರೋಗ ಪತ್ತೆಯಾಗುವ ಮುಂಚೆಯೇ ಕಳೆದಿರುತ್ತದೆ. ಸರಿಯಾದ ಔಷಧಿ ಶುರುವಾದ ಮೇಲೆ ಸೋಂಕು ಹರಡುವ ಶಕ್ತಿ ಬೇಗ ಕುಗ್ಗುತ್ತದೆ. ಮನೆಯಲ್ಲಿದ್ದರೆ ಮಾತ್ರೆ ನಡುವೆ ನಿಲ್ಲಿಸುತ್ತಾರೆಂಬ ಆಕ್ಷೇಪ ಮಾತ್ರ ನ್ಯಾಯವಾದದ್ದೇ. ಅದಕ್ಕೆ ಉತ್ತರವಾಗಿ ಕಣ್ಣೆದುರೇ ಮಾತ್ರೆ ನುಂಗಿಸುವ ಪದ್ಧತಿಯನ್ನೂ ಇದೇ ಕೇಂದ್ರ ಪ್ರಯೋಗಿಸಿ ನೋಡಿತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಅಧ್ಯಯನಗಳ ಜೊತೆ ಸೇರಿ, ಮದರಾಸಿನ ಈ ಫಲಿತಾಂಶವೇ 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು.