“ಸಾಕು, ಏಳಿ” ಎನ್ನುವ ಗಣಕಯಂತ್ರ

ನಮ್ಮ ಸಮಾಜದ ಅನೇಕ ಮನೆಗಳ ಮಕ್ಕಳು ಇಂದು ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ಗಣಕಯಂತ್ರದ ಮುಂದೆ ಕುಳಿತು ಜೀವನ ಸಾಗಿಸುತ್ತಿದ್ದಾರೆ. ಅವರು ಹಬ್ಬಕ್ಕೆ ಊರಿಗೆ ಬಂದಾಗ ನಾವು ಸಂಬಳವನ್ನು ವಿಚಾರಿಸುತ್ತೇವೆ, ಮದುವೆಯ ಮಾತು ತೆಗೆಯುತ್ತೇವೆ. ಕೈ ಜೋಮು ಹಿಡಿಯುತ್ತದೆಯೇ, ಕಣ್ಣು ಉರಿಯುತ್ತದೆಯೇ ಎಂದು ಕೇಳುವವರು ವಿರಳ. ಹೊಲದಲ್ಲಿ ದುಡಿದವನ ದಣಿವು ಮೈಮೇಲೆ ಕಾಣುತ್ತದೆ; ಕುರ್ಚಿಯಲ್ಲಿ ಕುಳಿತು ದುಡಿದವನ ದಣಿವು ಯಾರ ಕಣ್ಣಿಗೂ ಬೀಳುವುದಿಲ್ಲ. ಮಣಿಕಟ್ಟಿನ ನೋವು, ಬೆರಳುಗಳ ಜೋಮು, ಹೆಗಲಿನ ಬಿಗಿತ ಇವು ತಿಂಗಳುಗಟ್ಟಲೆ ಮೆಲ್ಲನೆ ಬೆಳೆದು, ಕಡೆಗೆ ನೀರಿನ ತಂಬಿಗೆ ಎತ್ತುವುದೂ ಕಷ್ಟವೆನಿಸುವ ಸ್ಥಿತಿಗೆ ತರಬಲ್ಲವು. ಕೈಯೇ ಬಂಡವಾಳವಾದವನಿಗೆ ಇದು ಸಣ್ಣ ಮಾತಲ್ಲ.

ಕಣ್ಣಿನ ವಿಷಯವೂ ಹಾಗೆಯೇ. ಜಪಾನಿನ ವೈದ್ಯರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮ್ಮನೆ ಕುಳಿತವರು ನಿಮಿಷಕ್ಕೆ ಸರಾಸರಿ 22 ಬಾರಿ ರೆಪ್ಪೆ ಬಡಿದರೆ, ಪುಸ್ತಕ ಓದುವಾಗ 10 ಬಾರಿ, ಪರದೆಯ ಮೇಲಿನ ಅಕ್ಷರಗಳನ್ನು ನೋಡುವಾಗ ಕೇವಲ 7 ಬಾರಿ ಬಡಿದರೆಂದು ಕಂಡುಬಂದಿತು. ರೆಪ್ಪೆ ಬಡಿಯದಿದ್ದರೆ ಕಣ್ಣು ಒಣಗುತ್ತದೆ, ಉರಿಯುತ್ತದೆ.

ಇದಕ್ಕೆ ಪರಿಹಾರ ವಿಶ್ರಾಂತಿ ಎಂಬುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಪರದೆಯ ಕೆಲಸದ ನಡುನಡುವೆ ವಿರಾಮವಿರಬೇಕು, ಇಲ್ಲವೇ ಬೇರೆ ಬಗೆಯ ಕೆಲಸವಿರಬೇಕು ಎಂದು ಯುರೋಪಿನ ರಾಷ್ಟ್ರಗಳ ಸಮುದಾಯವು 1990ರಲ್ಲಿಯೇ ನಿರ್ದೇಶನ ಹೊರಡಿಸಿತು. ಆದರೆ ಕೆಲಸದಲ್ಲಿ ಮುಳುಗಿದವನಿಗೆ ಹೊತ್ತಿನ ಅರಿವೆಲ್ಲಿ? ಆದುದರಿಂದ ಎಚ್ಚರಿಸುವ ಹೊಣೆಯನ್ನು ಯಂತ್ರಕ್ಕೇ ಒಪ್ಪಿಸಿದರು. ‘ಈಮ್ಯಾಕ್ಸ್’ ಎಂಬ ಹಳೆಯ ಬರವಣಿಗೆಯ ತಂತ್ರಾಂಶದಲ್ಲಿ 1990ರ ದಶಕದಲ್ಲಿಯೇ ಇಂತಹ ಏರ್ಪಾಡಿತ್ತು. ಅದು ಒತ್ತಿದ ಕೀಲಿಗಳನ್ನು ಎಣಿಸುತ್ತಿತ್ತು. ವಿರಾಮದ ಹೊತ್ತಿನಲ್ಲಿ ಬೇಸರ ಕಳೆಯಲೆಂದು ಹನಾಯ್ ಗೋಪುರದ ಒಗಟನ್ನು ತಾನೇ ಬಿಡಿಸಿ ತೋರಿಸುತ್ತಿತ್ತು! ತಯಾರಿಸಿದವರಿಗೆ ಹಾಸ್ಯಪ್ರಜ್ಞೆ ಇದ್ದಿರಬೇಕು.

ನಾವು ಇಲ್ಲಿ ಮುಖ್ಯವಾಗಿ ಪರಿಚಯಿಸಬಯಸುವುದು ‘ವರ್ಕ್‌ರೇವ್’ ಎಂಬುದನ್ನು. ನೆದರ್‌ಲೆಂಡ್ಸ್ ದೇಶದ ರಾಬ್ ಕೇಲರ್ಸ್ ಮತ್ತು ರೇಮಂಡ್ ಪೆನ್ನರ್ಸ್ ಇದನ್ನು 2000ರ ದಶಕದ ಆರಂಭದಲ್ಲಿ ರೂಪಿಸಿದರು. ಆ ದೇಶದಲ್ಲಿ ಆಗ ಈ ನೋವು ಎಷ್ಟು ವ್ಯಾಪಕವಾಗಿತ್ತೆಂದರೆ, ಜನರು ಅದಕ್ಕೆ ‘ಮೌಸ್ ತೋಳು’ ಎಂಬರ್ಥದ ಹೆಸರನ್ನೇ ಇಟ್ಟಿದ್ದರು. ಈ ತಂತ್ರಾಂಶಕ್ಕೆ ಹಣ ಕೊಡಬೇಕಾಗಿಲ್ಲ. ಅದರ ಗುರುತಿನ ಚಿತ್ರ ಒಂದು ಸಾಧು ಕುರಿ. ಸ್ವಭಾವ ಮಾತ್ರ ಅಷ್ಟು ಸಾಧುವಲ್ಲ. ಕೆಲವು ನಿಮಿಷಗಳಿಗೊಮ್ಮೆ ಅರ್ಧ ನಿಮಿಷದ ಕಿರುವಿರಾಮ, ಮುಕ್ಕಾಲು ಗಂಟೆಗೊಮ್ಮೆ ಹತ್ತು ನಿಮಿಷದ ವಿಶ್ರಾಂತಿ, ಜೊತೆಗೆ ದಿನಕ್ಕಿಷ್ಟೇ ಗಂಟೆ ಎಂಬ ಮಿತಿ, ಹೀಗೆ ಮೂರು ಬಗೆಯ ಲೆಕ್ಕವನ್ನು ಅದು ಇಡುತ್ತದೆ. ಈ ಅವಧಿಗಳನ್ನು ನಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು. ಹೊತ್ತು ಬಂದಾಗ ಮೊದಲು ಸಣ್ಣ ಸೂಚನೆ ಕೊಡುತ್ತದೆ. ಹಾಗೆ ಹೊಂದಿಸಿದ್ದರೆ ಪರದೆಯನ್ನೇ ಮುಚ್ಚಿಬಿಡುತ್ತದೆ. ದೊಡ್ಡ ವಿಶ್ರಾಂತಿಯಲ್ಲಿ ಕುತ್ತಿಗೆ, ಹೆಗಲು, ಕಣ್ಣುಗಳಿಗೆ ವ್ಯಾಯಾಮಗಳನ್ನು ಚಿತ್ರಸಹಿತ ತೋರಿಸುತ್ತದೆ.

ಇದರ ನಿಜವಾದ ಜಾಣತನ ಬೇರೆ ಇದೆ. ಗಡಿಯಾರದ ಗಂಟೆಯಂತೆ ಇದು ಕುರುಡಾಗಿ ಬಾರಿಸುವುದಿಲ್ಲ; ಕೀಲಿಮಣೆಯೂ ಮೌಸೂ ಚಲಿಸುತ್ತಿವೆಯೇ ಎಂದು ಗಮನಿಸುತ್ತಿರುತ್ತದೆ. ನಾವು ಚಹಾ ಕುಡಿಯಲು ಎದ್ದುಹೋಗಿದ್ದರೆ ಅದನ್ನೂ ವಿರಾಮವೆಂದೇ ಎಣಿಸಿ, ಆಗತಾನೇ ಬಂದು ಕುಳಿತವನನ್ನು ಮತ್ತೆ ಎಬ್ಬಿಸದು. ಮೇಲ್ವಿಚಾರಣೆ ಮಾಡುವ ಎಷ್ಟೋ ಮಂದಿಗೆ ಇಷ್ಟು ವಿವೇಕವಿರುವುದಿಲ್ಲ.

ಇಂತಹ ತಂತ್ರಾಂಶಗಳಿಂದ ಪ್ರಯೋಜನವಾಗುವುದೇ? ಕುತ್ತಿಗೆ, ತೋಳುಗಳ ನೋವಿದ್ದ 268 ಮಂದಿ ನೌಕರರನ್ನು ಎಂಟು ವಾರ ಪರೀಕ್ಷಿಸಿದ ನೆದರ್‌ಲೆಂಡ್ಸ್‌ನ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ವಿರಾಮ ಸೂಚನೆ ಪಡೆದವರಲ್ಲಿ ಶೇಕಡ 55ರಷ್ಟು ಜನರು ಗುಣವಾಯಿತೆಂದರು, ಪಡೆಯದವರಲ್ಲಿ ಹಾಗೆ ಹೇಳಿದವರು ಶೇಕಡ 34. ಆದರೆ ನೋವಿನ ತೀವ್ರತೆಯನ್ನು ಮೊದಲಿನದರೊಡನೆ ಹೋಲಿಸಿ ನೋಡಿದಾಗ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಇದನ್ನು ಔಷಧಿಯೆಂದು ನಂಬಿ ವೈದ್ಯರನ್ನು ಕಾಣದಿರುವುದು ಸಲ್ಲದು. ಪದೇ ಪದೇ ವಿರಾಮ ಪಡೆದವರ ಕೆಲಸ ಕಡಿಮೆಯಾಗಲಿಲ್ಲ, ಬದಲಾಗಿ ಹೆಚ್ಚಿತು ಎಂಬ ಅಂಶವನ್ನಂತೂ ಯಜಮಾನರು ಗಮನಿಸಬೇಕು.

ವಿರಾಮವನ್ನು ಮುಂದೂಡುವ, ಬಿಟ್ಟುಬಿಡುವ ಗುಂಡಿಗಳೂ ಇದರಲ್ಲಿವೆ. “ಇದೊಂದು ಮುಗಿಸಿಬಿಡುತ್ತೇನೆ” ಎನ್ನುವ ಸ್ವಭಾವದವರು ಹೊಂದಾಣಿಕೆಗೆ ಹೋಗಿ ಆ ಗುಂಡಿಗಳನ್ನು ತೆಗೆದುಹಾಕುವುದು ಲೇಸು. ಇನ್ನೊಂದು ಮಾತು: ಇದು ನೋಡುವುದು ಗಣಕಯಂತ್ರವನ್ನು ಮಾತ್ರ. ಪರದೆ ಮುಚ್ಚಿದೊಡನೆ ಜೇಬಿನ ಮೊಬೈಲನ್ನು ಕೈಗೆತ್ತಿಕೊಂಡು ಹತ್ತು ನಿಮಿಷ ಅದನ್ನೇ ಉಜ್ಜುತ್ತ ಕುಳಿತರೂ, ಪಾಪ, ಈ ಕುರಿ ಅದನ್ನು ವಿಶ್ರಾಂತಿಯೆಂದೇ ಬರೆದುಕೊಳ್ಳುತ್ತದೆ.