ನಿಮಗಿದು ಗೊತ್ತೆ? ಊರಲ್ಲೇ ತಂಗುವ ರಜಾ ವಿಮಾನ

ಪ್ರವಾಸಿ ಸಂಸ್ಥೆಯೊಂದು ವಿಮಾನದ ಆಸನಗಳನ್ನು ಒಟ್ಟಾಗಿ ಮುಂಗಡ ಖರೀದಿಸಿ, ವಸತಿಯನ್ನೂ ಸೇರಿಸಿ ಪ್ರವಾಸಿಗರಿಗೆ ಮಾರುವ ಹಾರಾಟವು ಚಾರ್ಟರ್ ಹಾರಾಟದ ಪ್ರಮುಖ ಬಗೆಯಾಗಿದ್ದು, 1950ರಲ್ಲಿ ವ್ಲಾದಿಮಿರ್ ರೈಟ್ಸ್ ಅವರ ಹೊರೈಜನ್ ಹಾಲಿಡೇಸ್ ಸಂಸ್ಥೆಯು ಬ್ರಿಟನ್ನಿನಿಂದ ಕಾರ್ಸಿಕಾ ದ್ವೀಪದ ಕಾಲ್ವಿಗೆ ಪ್ರವಾಸಿಗರನ್ನು ಕರೆದೊಯ್ದು ಬ್ರಿಟನ್ನಿನಲ್ಲಿ ಇಂತಹ ಹಾರಾಟಕ್ಕೆ ನಾಂದಿ ಹಾಡಿತು. ಇಂದು ಬ್ರಿಟನ್ನಿನ ರಜಾ ವಿಮಾನ ಸಂಸ್ಥೆಗಳು ಬೇಸಿಗೆಯಲ್ಲಿ ಬ್ರಿಸ್ಟಲ್, ನ್ಯೂಕ್ಯಾಸಲ್‌ನಂತಹ ಪ್ರಾದೇಶಿಕ ನಿಲ್ದಾಣಗಳಲ್ಲೂ ವಿಮಾನಗಳನ್ನು ನೆಲೆಗೊಳಿಸುತ್ತವೆ. ಅಂದರೆ ವಿಮಾನವು ರಾತ್ರಿ ಅಲ್ಲೇ ತಂಗುತ್ತದೆ, ಪೈಲಟ್ ಮತ್ತು ಸಿಬ್ಬಂದಿ ಅಲ್ಲಿಂದಲೇ ಕೆಲಸಕ್ಕೆ ಹೊರಡುತ್ತಾರೆ. ಆದ್ದರಿಂದ ಬೆಳಗಿನ ಜಾವವೇ ಹೊರಟು, ಸುಮಾರು ಎರಡೂವರೆ ಗಂಟೆ ಹಾರಾಟದಷ್ಟು ದೂರವಿರುವ ಸ್ಪೇನಿನ ಮಯೋರ್ಕಾ ದ್ವೀಪಕ್ಕೆ ಹೋಗಿಬರುವ ವಿಮಾನವು ಮಧ್ಯಾಹ್ನ ಮತ್ತೊಂದು ಸುತ್ತನ್ನು ಆರಂಭಿಸಿ ರಾತ್ರಿಯೊಳಗೆ ಮರಳಬಲ್ಲದು. ಹೀಗೆ ಹತ್ತಿರದ ನಿಲ್ದಾಣದಿಂದಲೇ ಹಾರಬಹುದಾದ್ದರಿಂದ, ಮಕ್ಕಳೊಂದಿಗೆ ಹೊರಟ ಕುಟುಂಬಗಳಿಗೆ ಲಂಡನ್ನಿನವರೆಗಿನ ಪ್ರಯಾಣದ ಶ್ರಮವೂ ಖರ್ಚೂ ಉಳಿಯುತ್ತವೆ.