ತಾತನ ಬೆಲ್ಟಿಗೆ ಹೊಸ ತೂತು

ಗುಡೇಕೋಟೆ ಎಂದರೆ ಬಂಡೆಗಳ ಊರು. ಮೇಲೆ ಪಾಳೆಯಗಾರರ ಕಾಲದ ಕೋಟೆ, ಸುತ್ತಲ ಗುಡ್ಡಗಳಲ್ಲಿ ಕರಡಿ ಧಾಮ. ಒನಕೆ ಓಬವ್ವನ ತವರು ಇದೇ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಬೇಸಿಗೆ ರಜೆಗೆ ಬಂದ ಮೊಮ್ಮಕ್ಕಳನ್ನು ಕೋಟೆ ಹತ್ತಿಸುವುದು ನನ್ನ ಪಾಲಿನ ಕೆಲಸ. ಮೂರು ವರ್ಷದ ಹಿಂದೆ ಹಾಗೆ ಹತ್ತುವಾಗ ಅರ್ಧ ದಾರಿಯಲ್ಲೇ ಏದುಸಿರು ಬಂದು ಒಂದು ಬಂಡೆಯ ಮೇಲೆ ಕುಳಿತುಬಿಟ್ಟೆ. ಆರನೇ ಕ್ಲಾಸಿನ ಮೊಮ್ಮಗ ನನ್ನ ಸೊಂಟ ನೋಡಿ, "ತಾತ, ಬೆಲ್ಟಿಗೆ ಹೊಸ ತೂತು ಯಾಕೆ ಹೊಡೆಸಿದ್ದೀರಿ?" ಎಂದ.

"ವಯಸ್ಸಾಯ್ತಲ್ಲಪ್ಪ" ಎಂದು ತೇಲಿಸಿದೆ.

ನಿಜ ಬೇರೆಯೇ ಇತ್ತು. ಬ್ಯಾಂಕಿನ ಕೌಂಟರಿನಲ್ಲಿ ಕೂತು ಮೂವತ್ತು ವರ್ಷಕ್ಕೂ ಮೇಲೆ ಊಟವನ್ನು ಹೊತ್ತು ಮೀರಿಸಿದವನು ನಾನು. ಮಧ್ಯಾಹ್ನ ಒಗ್ಗರಣೆ ಮಂಡಾಳು, ಮಿರ್ಚಿ, ಮೇಲೆ ಎರಡು ಕಪ್ ಚಹಾ. ಎದೆ ಉರಿ, ಹುಳಿ ತೇಗು ಆಗಲೇ ಗೆಳೆಯರಾಗಿದ್ದವು. ಸೋಡಾಪುಡಿ ನೆಕ್ಕಿ ಕೆಲಸ ಮುಂದುವರಿಸುತ್ತಿದ್ದೆ. ನಿವೃತ್ತಿಯಾದ ಮೇಲೆ ಮಂಡಿನೋವು ಶುರುವಾಯಿತು. ಯಾರನ್ನೂ ಕೇಳದೆ ಔಷಧಿ ಅಂಗಡಿಯಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಿದೆ. ಹೊಟ್ಟೆಯ ಮೇಲ್ಭಾಗ ಕೊರೆಯತೊಡಗಿತು, ರಾತ್ರಿ ಎಚ್ಚರವಾಗುತ್ತಿತ್ತು. ಮನೆಯವಳು ಓಮದ ಕಷಾಯ ಕೊಟ್ಟಳು. ನೆರೆಯವರು ಬಟ್ಟಿ ಸರಿದಿದೆ, ತಿಕ್ಕಿಸಿಕೊಳ್ಳಿ ಎಂದರು. ಅದೂ ಆಯಿತು.

ಹೇಳಲು ಸಂಕೋಚವಾದರೂ ಒಂದು ಮಾತು ಹೇಳಲೇಬೇಕು. ಆ ದಿನಗಳಲ್ಲಿ ಮಲ ಡಾಂಬರಿನಂತೆ ಕಪ್ಪಾಗಿ, ಅಂಟಂಟಾಗಿ ಹೋಗುತ್ತಿತ್ತು. ರಾಗಿ ಮುದ್ದೆ ಉಂಡಿದ್ದಕ್ಕೆ ಎಂದುಕೊಂಡೆ! ಎಪ್ಪತ್ತು ವರ್ಷ ಮುದ್ದೆ ಉಂಡವನಿಗೆ ಅಷ್ಟೂ ತಿಳಿಯಬಾರದೆ? ಡೇ ಬುಕ್ಕಿನಲ್ಲಿ ಹತ್ತು ಪೈಸೆ ತಾಳೆಯಾಗದಿದ್ದರೂ ಮನೆಗೆ ಹೋಗದ ಗುಮಾಸ್ತ, ತನ್ನ ಹೊಟ್ಟೆಯ ಲೆಕ್ಕವನ್ನು ಮಾತ್ರ ನಾಲ್ಕು ತಿಂಗಳು ಮುಂದೂಡಿದ್ದ.

ಮೊಮ್ಮಗ ಬೆಲ್ಟಿನ ಸುದ್ದಿಯನ್ನು ಮಗಳಿಗೆ ಮುಟ್ಟಿಸಿದ. ಮರುದಿನವೇ ಅವಳು ನನ್ನನ್ನು ಬಸ್ ಹತ್ತಿಸಿದಳು. ವೈದ್ಯರು ಮೊದಲು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 7 ಬಂತು. ಗಂಡಸರಿಗೆ 13ಕ್ಕಿಂತ ಕಡಿಮೆಯಾದರೇ ರಕ್ತಹೀನತೆ. ಹೊಟ್ಟೆಯಲ್ಲಿ ರಕ್ತ ಸೋರಿದರೆ ಅಲ್ಲಿನ ಆಮ್ಲ ತಗುಲಿ ಕಪ್ಪಾಗಿ ಹೊರಬರುತ್ತದಂತೆ. ಕಬ್ಬಿಣಾಂಶದ ಮಾತ್ರೆ ತಿಂದರೂ ಮಲ ಕಪ್ಪಾಗುವುದುಂಟು, ಆದ್ದರಿಂದ ಏನೇನು ನುಂಗುತ್ತೀರಿ ಎಂಬುದನ್ನೆಲ್ಲ ಹೇಳಿ ಎಂದರು. ನೋವಿನ ಮಾತ್ರೆಯ ಹಾಳೆಯನ್ನು ಜೇಬಿನಿಂದ ತೆಗೆದು ತೋರಿಸಿದೆ. ಅವರು ಬೈಯಲಿಲ್ಲ, ಸುಮ್ಮನೆ ತಲೆ ಆಡಿಸಿದರು.

ಎಂಡೋಸ್ಕೋಪಿಗೆ ಬಳ್ಳಾರಿಗೆ ಹೋದೆವು. ನನ್ನ ಓರಗೆಯವರು ಇದರ ಹೆಸರು ಕೇಳಿದರೇ ಹೆದರುತ್ತಾರೆ, ನಾನೂ ಹೆದರಿದ್ದೆ. ರಾತ್ರಿಯಿಂದ ಬರಿ ಹೊಟ್ಟೆ. ಗಂಟಲಿಗೆ ಜೋಮು ಹಿಡಿಸುವ ಔಷಧಿ ಸಿಂಪಡಿಸುತ್ತಾರೆ, ತುದಿಯಲ್ಲಿ ಕ್ಯಾಮೆರಾ ಇರುವ ತೆಳು ಕೊಳವೆ ಇಳಿಸುತ್ತಾರೆ. ವಾಕರಿಕೆ ಬರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಐದಾರು ನಿಮಿಷದಲ್ಲಿ ಮುಗಿಯುತ್ತದೆ. ಜಠರದಲ್ಲಿ ಹುಣ್ಣು ಇತ್ತು. ಅಲ್ಲಿಂದ ಚೂರು ತೆಗೆದು ಪರೀಕ್ಷಿಸಿದಾಗ ಒಂದು ಬ್ಯಾಕ್ಟೀರಿಯಾವೂ ಸಿಕ್ಕಿತು, ಹೆಲಿಕೋಬ್ಯಾಕ್ಟರ್ ಪೈಲೋರಿ. ಪುಣ್ಯಕ್ಕೆ ಕ್ಯಾನ್ಸರ್ ಇರಲಿಲ್ಲ.

ಮಕ್ಕಳೇ, ಈ ಬ್ಯಾಕ್ಟೀರಿಯಾದ ಕಥೆ ನಿಮಗೆ ಇಷ್ಟವಾಗುತ್ತದೆ. ಹುಣ್ಣು ಬರುವುದು ಖಾರದಿಂದ, ಚಿಂತೆಯಿಂದ ಎಂದು ವೈದ್ಯರೇ ಬಹುಕಾಲ ನಂಬಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಎಂಬ ಇಬ್ಬರು, ಇಲ್ಲ, ಅನೇಕರಿಗೆ ಈ ಸೂಕ್ಷ್ಮಜೀವಿಯೇ ಕಾರಣ ಎಂದರು. ಸುಲಭವಾಗಿ ಯಾರೂ ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾನೇ ಗಟಗಟ ಕುಡಿದುಬಿಟ್ಟರು! ಕೆಲವೇ ದಿನಗಳಲ್ಲಿ ವಾಂತಿ, ಜಠರದ ಉರಿಯೂತ. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ನೀವು ಮಾತ್ರ ಪ್ರಯೋಗಾಲಯದ್ದು ಏನನ್ನೂ ಕುಡಿಯಬೇಡಿ.

ನನಗೆ 14 ದಿನ ಎರಡು ಬಗೆಯ ಆಂಟಿಬಯೋಟಿಕ್, ಜೊತೆಗೆ ಆಮ್ಲ ತಗ್ಗಿಸುವ ಮಾತ್ರೆ. ನೋವಿನ ಮಾತ್ರೆ ಬಂದ್. ಬಾಯೆಲ್ಲ ಲೋಹದ ರುಚಿ. ನಡುವೆ ಬಿಟ್ಟುಬಿಡೋಣ ಎನ್ನಿಸಿತು, ಮಗಳು ಬಿಡಲಿಲ್ಲ. ಆಮೇಲೆ ಬ್ಯಾಕ್ಟೀರಿಯಾ ಹೋಗಿದೆಯೇ ಎಂದು ಮತ್ತೊಮ್ಮೆ ಪರೀಕ್ಷೆಯೂ ಆಯಿತು.

ಹಾಗಾದರೆ ಹೊಟ್ಟೆ ಗುಡುಗುಡು ಎಂದ ಕೂಡಲೇ ಆಸ್ಪತ್ರೆಗೆ ಓಡಬೇಕೆ? ಬೇಡ. ಜಾತ್ರೆಯಲ್ಲಿ ಹೆಚ್ಚು ತಿಂದ ಅಜೀರ್ಣ ಎರಡು ದಿನ ಮಜ್ಜಿಗೆ, ಗಂಜಿ ಕುಡಿದರೆ ಹೋಗುತ್ತದೆ. ಆದರೆ ಎರಡು ಮೂರು ವಾರ ಕಳೆದರೂ ಎದೆ ಉರಿ, ನೋವು ಬಿಡದಿದ್ದರೆ, ಆಮ್ಲದ ಮಾತ್ರೆ ನಿಲ್ಲಿಸಿದ ಕೂಡಲೇ ಮರಳಿದರೆ, ತೋರಿಸಬೇಕು. ಪ್ರಯತ್ನಪಡದೆ ತೂಕ ಇಳಿದರೆ, ನುಂಗುವಾಗ ತುತ್ತು ಸಿಕ್ಕಿಕೊಂಡರೆ, ವಾಂತಿ ಪದೇ ಪದೇ ಆದರೆ, ಕಣ್ಣು ಹಳದಿಯಾದರೆ ಅಷ್ಟೂ ದಿನ ಕಾಯುವ ಹಾಗಿಲ್ಲ. ವಾಂತಿಯಲ್ಲಿ ರಕ್ತ ಕಂಡರೆ, ಮಲ ಡಾಂಬರಿನಂತಾದರೆ ಅಂದೇ ಹೊರಡಬೇಕು. ಐವತ್ತರ ಆಸುಪಾಸಿನ ಮೇಲೆ ಹೊಸದಾಗಿ ಮಲಬದ್ಧತೆಯೋ ಭೇದಿಯೋ ಶುರುವಾಗಿ ವಾರಗಟ್ಟಲೆ ನಿಂತರೂ ಅಷ್ಟೇ. ಮಲದಲ್ಲಿ ಕೆಂಪು ರಕ್ತ ಕಂಡರೆ ಮೂಲವ್ಯಾಧಿ ಎಂದು ನಾವೇ ತೀರ್ಪು ಕೊಟ್ಟುಕೊಂಡುಬಿಡುತ್ತೇವೆ. ಬಹಳ ಸಲ ಅದೇ ಇರಬಹುದು, ಆದರೆ ಕರುಳಿನ ಕ್ಯಾನ್ಸರೂ ಹೀಗೇ ಕಾಣಿಸಿಕೊಳ್ಳುತ್ತದೆ. ತೀರ್ಪು ವೈದ್ಯರೇ ಕೊಡಲಿ.

ಇನ್ನೊಂದು: ಎದೆ ಹಿಂಡಿದಂತಾಗಿ ಬೆವರು ಬಂದರೆ, ನೋವು ಕೈಗೋ ದವಡೆಗೋ ಹರಿದರೆ, "ಗ್ಯಾಸ್" ಎಂದು ಸೋಡಾ ಕುಡಿಸುತ್ತ ಕೂರಬೇಡಿ. ಅದು ಹೃದಯವಿರಬಹುದು, 108ಕ್ಕೆ ಫೋನ್ ಮಾಡಿ.

ಮಕ್ಕಳ ಹೊಟ್ಟೆನೋವು ಬೇರೆ ಪುಸ್ತಕ. ಕಿರಿಯ ಮೊಮ್ಮಗಳಿಗೆ ಗಣಿತ ಪರೀಕ್ಷೆಯ ದಿನ ಹೊಕ್ಕಳ ಸುತ್ತ ನೋಯುತ್ತದೆ, ಮಧ್ಯಾಹ್ನ ಮಾಯ! ಅದು ನಾಟಕವಲ್ಲ, ಆತಂಕಕ್ಕೂ ಹೊಟ್ಟೆ ನಿಜವಾಗಿಯೇ ನೋಯುತ್ತದೆಂದು ವೈದ್ಯರು ಹೇಳಿದರು. ಆದರೆ ನೋವು ಮಗುವನ್ನು ನಿದ್ದೆಯಿಂದ ಎಬ್ಬಿಸಿದರೆ, ಹೊಕ್ಕಳಿನಿಂದ ಬಲಗಡೆ ಕೆಳಕ್ಕೆ ಸರಿದು ಬಲವಾದರೆ, ಹಸಿರು ವಾಂತಿಯಾದರೆ, ಮಗು ಬೆಳೆಯುವುದು ನಿಂತರೆ ತಡಮಾಡಬಾರದು. ಶಾಲೆಯಲ್ಲಿ ಜಂತುಹುಳುವಿನ ಮಾತ್ರೆ ಕೊಡುವ ದಿನ ತಪ್ಪಿಸಿಕೊಳ್ಳಬೇಡಿ, ಪುಟಾಣಿಗಳೇ. ಮತ್ತೆ, ಮಲದಲ್ಲಿ ರಕ್ತ ಕಂಡರೆ ನಾಚಿಕೆಪಡದೆ ಅಮ್ಮನಿಗೆ ಹೇಳಿ. ನಾಚಿಕೊಂಡ ತಾತ ಏನಾದ ಎಂದು ಓದಿದಿರಲ್ಲ.

ವೈದ್ಯರ ಬಳಿ ಹೋಗುವಾಗ ಒಂದು ಚೀಟಿ ಬರೆದುಕೊಂಡು ಹೋಗಿ: ಎಂದಿನಿಂದ ನೋವು, ಊಟಕ್ಕೆ ಮೊದಲೋ ಆಮೇಲೋ, ತೂಕ ಎಷ್ಟಿತ್ತು ಎಷ್ಟಾಯಿತು, ಯಾವ ಯಾವ ಮಾತ್ರೆ. ಎದುರಿಗೆ ಕೂತಾಗ ಅರ್ಧ ಮರೆತುಹೋಗುತ್ತದೆ.

ಈ ಸಲದ ರಜೆಯಲ್ಲಿ ಮತ್ತೆ ಕೋಟೆ ಹತ್ತಿದೆವು. ಎರಡು ಕಡೆ ಕೂತೆ, ಆದರೆ ತುದಿ ಮುಟ್ಟಿದೆ. ಕರಡಿಗಳು ಗೆದ್ದಲು, ಇರುವೆ, ಜೇನು ಎಲ್ಲ ತಿನ್ನುತ್ತವಲ್ಲ, ಅವಕ್ಕೆ ಅಸಿಡಿಟಿ ಬರುವುದಿಲ್ಲವೇ ಎಂದು ಮೊಮ್ಮಗಳು ಕೇಳಿದಳು. ನನಗೆ ಗೊತ್ತಿಲ್ಲ, ವೈದ್ಯರನ್ನೇ ಕೇಳೋಣ ಎಂದೆ. ಮೊಮ್ಮಗ ಮಾತ್ರ ಕರಡಿಯನ್ನು ಬಿಟ್ಟು ನನ್ನ ಬೆಲ್ಟನ್ನೇ ನೋಡುತ್ತಿದ್ದ. ಅದೀಗ ಹಳೆಯ ತೂತಿಗೆ ಬಂದಿದೆ.